ಮೆಥಿಲೀನ್ ಬ್ಲೂ ತಿಳಿಯಾಯಿತು, ಡೈಯಿಂಗ್ ನೀರಿನ ಬಣ್ಣ ಹೋಗುತ್ತಿಲ್ಲ: ಪ್ರತಿಕ್ರಿಯೆ

ಟೈಟಾನಿಯಂ ಡೈಆಕ್ಸೈಡ್ ಪುಡಿಯಿಂದ ಮೆಥಿಲೀನ್ ಬ್ಲೂ ಎಂಬ ಪರೀಕ್ಷೆಯ ಬಣ್ಣ ಹೋಯಿತು, ಆದರೆ ಡೈಯಿಂಗ್ (ನೂಲಿಗೆ ಬಣ್ಣ ಹಾಕಿ ಉಳಿದ) ನೀರಿನ ಬಣ್ಣ ಹೋಗುತ್ತಿಲ್ಲ ಎಂದು ಬರೆದಿದ್ದೀರಿ. ತೊಂದರೆ ಬಹುಶಃ ನೂಲಿಗೆ ಬಣ್ಣ ಹಿಡಿಯಲು ಹಾಕುವ ಸೋಡಾ ಆ್ಯಶ್‌ನದು, ನಿಮ್ಮ ಟೈಟಾನಿಯಂ ಡೈಆಕ್ಸೈಡ್ ಪುಡಿಯದಲ್ಲ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ರ ಮೇಲೆ ಕ್ಷಾರ) ಎಷ್ಟೆಂದು ನೀವು ಬರೆದಿಲ್ಲ, ಹಾಗಾಗಿ ಇದು ಊಹೆ. ಆದರೆ ಹತ್ತಿ ನೂಲಿಗೆ ರಿಯಾಕ್ಟಿವ್ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ) ಬಣ್ಣ ಹಾಕಿದ ನೀರು ಸಾಮಾನ್ಯವಾಗಿ 10ರ ಮೇಲೇ ಇರುತ್ತದೆ. ಆಗ ಪುಡಿಯ ಮೈಮೇಲೆ ಋಣ ಚಾರ್ಜ್, ಬಣ್ಣದ್ದೂ ಋಣವೇ. ಒಂದನ್ನೊಂದು ದೂಡುತ್ತವೆ. ಮೆಥಿಲೀನ್ ಬ್ಲೂ ಧನ, ಅದಕ್ಕೇ ಸುಲಭವಾಗಿ ಅಂಟಿಕೊಂಡಿತು. ಸಾಲದ್ದಕ್ಕೆ, ಬೆಳಕು ಬಿದ್ದಾಗ ಪುಡಿಯ ಮೇಲೆ ಹುಟ್ಟಿ ಬಣ್ಣ ಒಡೆಯಬೇಕಾದ ಹೈಡ್ರಾಕ್ಸಿಲ್ ರಾಡಿಕಲ್‌ಗಳನ್ನು ಸೋಡಾ ಆ್ಯಶ್‌ನಲ್ಲಿರುವ ಕಾರ್ಬೊನೇಟ್ ನುಂಗಿಬಿಡುತ್ತದೆ.

ಮೊದಲು ಪಿಎಚ್ ಅಳೆಯಿರಿ. ಡೈಲ್ಯೂಟ್ ಸಲ್ಫ್ಯೂರಿಕ್ ಆ್ಯಸಿಡ್ ಹನಿಹನಿಯಾಗಿ ಹಾಕಿ 4ರ ಹತ್ತಿರ ತನ್ನಿ. ಬುಸುಬುಸು ಗುಳ್ಳೆ ಎದ್ದರೆ ಕಾರ್ಬೊನೇಟ್ ಇತ್ತು ಅಂತಲೇ ಅರ್ಥ, ಅದು ನಿಲ್ಲುವವರೆಗೆ ಕಲಕಿ. ಹೈಡ್ರೋಕ್ಲೋರಿಕ್ ಬೇಡ, ಡೈಯಿಂಗ್‌ಗೆ ಹಾಕುವ ಉಪ್ಪಿನಿಂದ ಕ್ಲೋರೈಡ್ ಸಾಮಾನ್ಯವಾಗಿ ಈಗಾಗಲೇ ಜಾಸ್ತಿ ಇರುತ್ತದೆ. ಆಮೇಲೆ ನೀರು ಸೇರಿಸಿ ಹತ್ತು ಪಟ್ಟು ತೆಳು ಮಾಡಿ. ಬೀಕರಿನ ಆಚೆ ಹಿಡಿದ ಬೆರಳು ಕಾಣದಿದ್ದರೆ ಬೆಳಕೂ ಒಳಗೆ ಹೋಗಲ್ಲ ಅಲ್ವಾ? ಲೀಟರಿಗೆ 1 ಗ್ರಾಂ ಪುಡಿ ಸಾಕು. ಸುಮ್ನೆ ಜಾಸ್ತಿ ಸುರಿದರೆ ನೀರು ಹಾಲಿನಂತಾಗಿ ಬೆಳಕನ್ನೇ ತಡೆಯುತ್ತದೆ.

30 ನಿಮಿಷ ಕತ್ತಲಲ್ಲಿ ಕಲಕಿ, ಒಂದು ಸ್ಯಾಂಪಲ್ ತೆಗೆದಿಡಿ. ಈ ಹಂತ ಮಾಡದೆ ಬಿಟ್ಟರೆ ಪುಡಿಗೆ ಅಂಟಿದ ಬಣ್ಣವನ್ನೂ ಒಡೆದ ಲೆಕ್ಕಕ್ಕೆ ಸೇರಿಸುತ್ತೀರಿ. ನಾನೂ ಒಮ್ಮೆ ಹೀಗೇ ಮೋಸಹೋದೆ: ನೀರು ತಿಳಿ, ಸೋಸಿದ ಫಿಲ್ಟರ್ ಪೇಪರ್ ಮೇಲೆ ಕಡು ಗುಲಾಬಿ ಕೆಸರು! ನಂತರ ಅಗಲ ತಟ್ಟೆಗೆ ಹಾಕಿ, ಮಧ್ಯಾಹ್ನದ ಬಿಸಿಲಿಗಿಟ್ಟು, ಅಕ್ವೇರಿಯಂ ಪಂಪಿನಿಂದ ಗಾಳಿ ಬಿಡಿ.

ಬಣ್ಣ ಹೋದ ಮೇಲೂ ಅಣುವಿನ ಚೂರುಗಳು ಉಳಿದಿರಬಹುದು, ಸಿಒಡಿ (ನೀರಿನಲ್ಲಿರುವ ಸಾವಯವ ವಸ್ತುವನ್ನು ರಾಸಾಯನಿಕವಾಗಿ ಸುಡಲು ಬೇಕಾದ ಆಮ್ಲಜನಕದ ಅಳತೆ) ನೋಡಿ. ಆ ಪರೀಕ್ಷೆಯಲ್ಲಿ ಮರ್ಕ್ಯುರಿಕ್ ಸಲ್ಫೇಟ್ ಮರೆಯಬೇಡಿ, ಇಲ್ಲದಿದ್ದರೆ ಕ್ಲೋರೈಡೇ ಸಿಒಡಿಯಾಗಿ ತೋರುತ್ತದೆ.