ದೊಡ್ಡ ಸಂಸ್ಥೆಯೇ ಭದ್ರವೆಂದು ಯಾರು ಹೇಳಿದರು?

ಪತ್ರ: ನನ್ನ ಮಗಳು ಸಣ್ಣ ಪ್ರಾದೇಶಿಕ ವಿಮಾನಯಾನ ಸಂಸ್ಥೆಯೊಂದರಲ್ಲಿ ಎರಡು ವರ್ಷಗಳಿಂದ ಎಟಿಆರ್ ಎಂಬ ಚಿಕ್ಕ ಪ್ರೊಪೆಲರ್ ವಿಮಾನದ ಸಹಪೈಲಟ್ ಆಗಿದ್ದಾಳೆ. ಈಗ ದೇಶದ ದೊಡ್ಡ ಸಂಸ್ಥೆಯೊಂದರಿಂದ ಕರೆ ಬಂದಿದೆ. ಕ್ಯಾಪ್ಟನ್ ಆಗುವವರೆಗೂ ಇಲ್ಲೇ ಇರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳ ತರಬೇತಿಗೆ ಅಡಿಕೆ ತೋಟದ ಮೇಲೆ ಮಾಡಿದ ಸಾಲ ಇನ್ನೂ ತೀರಿಲ್ಲ. ದೊಡ್ಡ ಕಡೆ ಭದ್ರತೆ ಇರುತ್ತದಲ್ಲವೇ? ನೀವಾದರೂ ಬುದ್ಧಿ ಹೇಳಿ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಾನ್ಯರೇ, ಸಾಲದ ಚಿಂತೆ ಸಣ್ಣದಲ್ಲ. ದೊಡ್ಡ ಸಂಸ್ಥೆಯಲ್ಲಿ ಸಂಬಳ ಹೆಚ್ಚು. ಅಲ್ಲಿನ ಜ್ಯೇಷ್ಠತಾ ಪಟ್ಟಿಯಲ್ಲಿ ಬೇಗ ಹೆಸರು ಸೇರಿದಷ್ಟೂ ಮುಂದೆ ಅನುಕೂಲ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಬುದ್ಧಿ ಹೇಳಬೇಕಾಗಿರುವುದು ನಿಮ್ಮ ಮಗಳಿಗೆ ಎಂದು ನನಗೆ ಅನ್ನಿಸುತ್ತಿಲ್ಲ.

ಭದ್ರತೆ ಎಂದಿರಿ. ಕಿಂಗ್‌ಫಿಷರ್ ದೊಡ್ಡದೇ ಆಗಿತ್ತು. 2012ರ ಅಕ್ಟೋಬರ್‌ನಲ್ಲಿ ಅದರ ವಿಮಾನಗಳು ನೆಲ ಹಿಡಿದವು. ಜೆಟ್ ಏರ್‌ವೇಸ್ ಅದಕ್ಕಿಂತ ಹಳೆಯದು. 2019ರ ಏಪ್ರಿಲ್‌ನಲ್ಲಿ ನಿಂತಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್‌ನ ಸರದಿ. ನನಗೆ ಪರಿಚಯದ ಪೈಲಟ್ ಒಬ್ಬರು ಇಂಥದೇ ದೊಡ್ಡ ಸಂಸ್ಥೆಯೊಂದರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ವಿಮಾನ ಹಾರಿಸಿದರು. ಇಷ್ಟು ದೊಡ್ಡ ಸಂಸ್ಥೆ ಮುಳುಗುವುದುಂಟೇ ಎಂದು ಮನೆಯವರಿಗೆ ಧೈರ್ಯ ಹೇಳುತ್ತಲೇ ಇದ್ದರು. ಕೊನೆಗೆ ಮನೆಯ ಕಂತು ಕಟ್ಟಲು ಅಣ್ಣನ ಮುಂದೆ ಕೈಯೊಡ್ಡಬೇಕಾಯಿತು.

ಮುಳುಗದೆ ನಿಂತವರ ಸಂಗತಿಯನ್ನೂ ನೋಡಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿಯ ಇಳಿತಗಳಿಗೆ ಮಿತಿ ಹಾಕುವ ನಿಯಮ ಬಂತು. ಸಿದ್ಧತೆಗೆ ಕಾಲಾವಕಾಶವೂ ಇತ್ತು. ಆದರೂ 2025ರ ಡಿಸೆಂಬರ್‌ನಲ್ಲಿ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋ, ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಆಗ ಸಡಿಲವಾದದ್ದು ಯಾವುದು? ನಿಯಮ! ದಣಿದ ಪೈಲಟ್‌ಗೆ ಸಿಗಬೇಕಿದ್ದ ನಿದ್ದೆಗೆ ಕತ್ತರಿ ಹಾಕಿ ವೇಳಾಪಟ್ಟಿ ಸರಿಪಡಿಸುವ ವ್ಯವಸ್ಥೆಯನ್ನು ಭದ್ರತೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಮಗಳ ಕೆಲಸದ ಬಗ್ಗೆ. ಅದನ್ನು ನೀವು ಹತ್ತಿರದಿಂದ ನೋಡಿದಂತಿಲ್ಲ. ಎಟಿಆರ್‌ನಲ್ಲಿ ಎಂಜಿನ್ನಿನ ಶಕ್ತಿಯನ್ನು ತಾನಾಗಿ ಹೊಂದಿಸುವ ಆಟೋಥ್ರಾಟಲ್ ಇಲ್ಲ. ಇಳಿಯುವಾಗ ಪೈಲಟ್‌ನ ಕೈ ಲಿವರ್ ಮೇಲೆಯೇ ಇರಬೇಕು. ಜೆಟ್‌ಗಳಂತೆ ಮೋಡಗಳ ಮೇಲೇರಿ ಹೋಗುವ ಸೌಕರ್ಯವೂ ಕಡಿಮೆ. ನಿಮ್ಮ ಆಗುಂಬೆಯ ಮಳೆಗಾಲದ ಆಕಾಶದಲ್ಲಿ ಮೋಡಗಳ ನಡುವೆಯೇ ದಾರಿ ಹುಡುಕಬೇಕು. ದೂರ ಕಡಿಮೆಯಾದ್ದರಿಂದ ಒಂದೇ ದಿನದಲ್ಲಿ ಹಲವು ಬಾರಿ ಏರಬೇಕು, ಇಳಿಯಬೇಕು. ಈ ಪಳಗಿದ ಕೈಗೆ ಎಷ್ಟು ಬೆಲೆ ಎಂಬುದಕ್ಕೆ 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ ವಿಮಾನದ ತನಿಖಾ ವರದಿಯನ್ನು ಓದಬೇಕು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು, ಆಟೋಪೈಲಟ್ ಕಳಚಿಕೊಂಡಿತು. ಕೈಯಿಂದಲೇ ಹಾರಿಸಬೇಕಾಗಿ ಬಂದ ಆ ನಾಲ್ಕು ಚಿಲ್ಲರೆ ನಿಮಿಷಗಳಲ್ಲಿ ಪೈಲಟ್‌ಗಳಿಗೆ ವಿಮಾನ ದಕ್ಕಲಿಲ್ಲ. 228 ಜನ ಸತ್ತರು. ಅದು ಕೂಡ ಜಗತ್ತಿನ ಹೆಸರಾಂತ ದೊಡ್ಡ ಸಂಸ್ಥೆಯೇ.

ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ 1,500 ಗಂಟೆಗಳ ಹಾರಾಟ ಬೇಕು. ಆ ಪರವಾನಗಿಯ ಜೊತೆಗೆ ಕ್ಯಾಪ್ಟನ್ ಪಟ್ಟವೂ ಕೈಗೆ ಬಂದ ಮೇಲೆ ಹೊರಟರೆ ಆಕೆಯನ್ನು ಕರೆಯುವ ಧಾಟಿಯೇ ಬೇರೆಯಾಗುತ್ತದೆ. ಇದು ಆಕೆಗೆ ಗೊತ್ತಿದೆ, ಅದಕ್ಕೇ ಹಟ. ಅಂಥ ಮಗಳನ್ನು ಬೆಳೆಸಿದ ನಿಮ್ಮ ಮೇಲೆ ಗೌರವವಿದೆ; ಆಕೆಯ ಲೆಕ್ಕಾಚಾರವನ್ನು ಹಟವೆಂದು ಕರೆದದ್ದಕ್ಕೆ ಮುನಿಸೂ ಇದೆ.

ಸಣ್ಣದೆಂದರೆ ನಮಗೇಕೆ ಇಷ್ಟು ತಾತ್ಸಾರ? 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬೈಗೆ ಅಂಚೆ ತಂದರು. ಅಲ್ಲಿಂದ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಇಂದಿನ ಏರ್ ಇಂಡಿಯಾದ ಬೇರು ಅಲ್ಲಿದೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹುಬ್ಬಳ್ಳಿ–ಬೆಂಗಳೂರು ನಡುವೆ ಹಾರಾಟ ಆರಂಭಿಸಿದ್ದೂ ಎಟಿಆರ್‌ನಲ್ಲೇ. ಅದನ್ನು ನುಂಗಿದ ದೊಡ್ಡ ಸಂಸ್ಥೆ ಯಾವುದು, ಅದರ ಗತಿ ಏನಾಯಿತು ಎಂದು ಮೇಲೆಯೇ ಹೇಳಿದ್ದೇನೆ.

ನಿಮ್ಮ ಜಿಲ್ಲೆಯ ಶಿವಮೊಗ್ಗದಲ್ಲಿ 3,200 ಮೀಟರ್ ಉದ್ದದ ರನ್‌ವೇ 2023ರಲ್ಲಿ ಸಿದ್ಧವಾಯಿತು. ಅಲ್ಲಿ ಮೊದಲು ಇಳಿದ ಪ್ರಯಾಣಿಕ ವಿಮಾನವೂ ಎಟಿಆರ್. ಬೀದರ್‌ನಲ್ಲಂತೂ ಸೇವೆ ನಿಂತೇಹೋಗಿ ಪುನಃ ಆರಂಭವಾಗಬೇಕಾಯಿತು. ಸಣ್ಣ ಊರುಗಳಿಗೆ ವಿಮಾನ ಸೇವೆ ಒದಗಿಸುವ ಕೇಂದ್ರದ ಉಡಾನ್ ಯೋಜನೆಯ ಸಹಾಯಧನ ಮೂರು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಹಲವು ಮಾರ್ಗಗಳು ಸೊರಗುತ್ತವೆ. ಅಷ್ಟರೊಳಗೆ ಸಣ್ಣ ಸಂಸ್ಥೆ ತಿದ್ದಿ ತೀಡಿದ ಪೈಲಟ್‌ಗಳನ್ನು ದೊಡ್ಡವರು ಕರೆದೊಯ್ದಿರುತ್ತಾರೆ. ಊರಿಗೊಂದು ವಿಮಾನ ನಿಲ್ದಾಣ ಬೇಕೆಂದು ಮೆರವಣಿಗೆ ಮಾಡುವ ನಾವೇ, ಅಲ್ಲಿಗೆ ವಿಮಾನ ತರುವ ಹುಡುಗಿಯನ್ನು ಕಂಡು "ಇನ್ನೂ ಆ ಚಿಕ್ಕ ಕಂಪನಿಯಲ್ಲೇ ಇದ್ದಾಳೆಯೇ?" ಎಂದು ಮರುಗುತ್ತೇವೆ.

ಸಾಲದ ವಿಷಯಕ್ಕೆ ಬ್ಯಾಂಕಿನವರ ಬಳಿ ಕುಳಿತು ಕಂತಿನ ಅವಧಿ ವಿಸ್ತರಿಸಿಕೊಳ್ಳಿ. ಇಷ್ಟಾದ ಮೇಲೂ ಆಕೆಯೇ ಹೋಗುತ್ತೇನೆಂದರೆ ತಡೆಯಬೇಡಿ. ಆದರೆ ಹೊಸ ಸಂಸ್ಥೆಯ ಬಾಂಡ್ ಎಷ್ಟು ವರ್ಷದ್ದು, ಜೆಟ್ ತರಬೇತಿಯ ಖರ್ಚು ಯಾರದು ಎಂದು ಸಹಿ ಹಾಕುವ ಮೊದಲು ನೋಡಿಕೊಳ್ಳಲಿ. ಸಹಪೈಲಟ್ ಕೆಲಸ ಬಿಡಲು ಆರು ತಿಂಗಳ ನೋಟಿಸ್ ಕೊಡಬೇಕೆಂಬ ನಿಯಮವಿದೆ. ನೆಂಟರ ಮಾತು ಕೇಳಿ ಅವಸರದಲ್ಲಿ ಆ ಪತ್ರ ಬರೆಸಬೇಡಿ.