ಮೆಲ್ಬರ್ನಿನಲ್ಲಿ ಗೆಳೆಯರೆಲ್ಲ ಸೇರಿ ರೇಸ್ ನಾಯಿ ಕೊಳ್ಳುವ ಮುಂಚೆ

ನಿಮ್ಮ ಪ್ರಶ್ನೆ ಓದಿದೆ. ಡ್ಯಾಂಡೆನಾಂಗ್ ಫ್ಯಾಕ್ಟರಿಯಲ್ಲಿ ನಿಮ್ಮ ಜೊತೆ ಕೆಲಸ ಮಾಡುವವರು ಸೇರಿ ಒಂದು ಗ್ರೇಹೌಂಡ್ ಮರಿ ಕೊಳ್ಳುತ್ತಿದ್ದಾರೆ, ನಿಮ್ಮನ್ನೂ ಪಾಲಿಗೆ ಕರೆದಿದ್ದಾರೆ. ನೀವು ಬಂದು ಇನ್ನೂ ವರ್ಷ ಆಗಿಲ್ಲ. ಬೇಡ ಅಂದರೆ ಅವರು ದೂರ ಆಗುತ್ತಾರೇನೋ, ಹೂಂ ಅಂದರೆ ದುಡ್ಡು ಮುಳುಗುತ್ತದೇನೋ, "ಅಣ್ಣಾ, ಏನು ಮಾಡಲಿ?" ಅಂತ ಕೇಳಿದ್ದೀರಿ.

ನಾನು ಇಲ್ಲಿಗೆ ಬಂದು ಹದಿನೈದು ವರ್ಷ ದಾಟಿತು. ಅದರಲ್ಲಿ ಸುಮಾರು ಅರ್ಧ ಕಾಲ ಒಂದಲ್ಲ ಒಂದು ನಾಯಿಯಲ್ಲಿ ನನ್ನ ಪಾಲು ಇದೆ. ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಸೇರಬಹುದು. ಆದರೆ ಓಟ ನಿಲ್ಲಿಸಿದ ಮೇಲೆ ಆ ನಾಯಿ ಯಾರ ಮನೆಗೆ ಹೋಗುತ್ತದೆ ಅನ್ನುವುದು ಕಾಗದದ ಮೇಲೆ ಬರುವ ತನಕ ಒಂದು ಡಾಲರೂ ಕೊಡಬೇಡಿ.

ಮೊದಲು ಒಂದು ಗುರುವಾರ ರಾತ್ರಿ ಸ್ಪ್ರಿಂಗ್‌ವೇಲ್‌ನ ಸ್ಯಾಂಡೌನ್ ಪಾರ್ಕಿಗೆ ಹೋಗಿ ಬನ್ನಿ, ನಿಮಗೆ ಹತ್ತಿರವೇ. ಶನಿವಾರ ರಾತ್ರಿಯಾದರೆ ಬ್ರಾಡ್‌ಮೆಡೋಸ್‌ನ ಮೆಡೋಸ್ ಟ್ರ್ಯಾಕ್. ಓಟ ಶುರುವಾಗುವ ಕಡೆ ಎಂಟು ಬಾಕ್ಸ್, ಎಂಟು ನಾಯಿ. ಒಂದನೇ ಬಾಕ್ಸಿನ ನಾಯಿಗೆ ಕೆಂಪು ರಗ್ (ಮೈಗೆ ಹೊದಿಸುವ ಬಟ್ಟೆ), ಎರಡಕ್ಕೆ ಕಪ್ಪು ಬಿಳಿ ಪಟ್ಟೆ, ಮೂರಕ್ಕೆ ಬಿಳಿ, ನಾಲ್ಕಕ್ಕೆ ನೀಲಿ, ಹೀಗೆ ಹೋಗಿ ಎಂಟನೆಯದಕ್ಕೆ ಗುಲಾಬಿ. ಸ್ಯಾಂಡೌನಿನ 515 ಮೀಟರನ್ನು ಒಳ್ಳೆ ನಾಯಿ ಮೂವತ್ತು ಸೆಕೆಂಡಿನೊಳಗೆ ಮುಗಿಸುತ್ತದೆ. ನವೆಂಬರಿನಲ್ಲಿ ನಾಯಿಗಳ ಮೆಲ್ಬರ್ನ್ ಕಪ್ ನಡೆಯುವುದೂ ಇದೇ ಟ್ರ್ಯಾಕಿನಲ್ಲಿ. ಅಲ್ಲಿ ಹಳಬರ ಪಕ್ಕ ನಿಂತರೆ ಬ್ರೆಟ್ ಲೀ ಹೆಸರು ಕಿವಿಗೆ ಬೀಳಬಹುದು. ಅವರು ಕ್ರಿಕೆಟ್ ಮಾತಾಡುತ್ತಿಲ್ಲ. ಆ ಹೆಸರಿನ ಒಂದು ಗ್ರೇಹೌಂಡ್ ಇತ್ತು. ಟ್ರ್ಯಾಕಿನಲ್ಲಿ ಹೆಸರು ಮಾಡಿ, ಆಮೇಲೆ ಅದರ ಸಂತಾನವೂ ದೇಶವೆಲ್ಲ ಓಡಿತು.

ಟ್ರ್ಯಾಕಿಗೆ ಹೋದಾಗ ಮೊದಲ ತಿರುವನ್ನು ಮಾತ್ರ ಗಮನವಿಟ್ಟು ನೋಡಿ. ಎಂಟೂ ನಾಯಿ ಒಂದೇ ಜಾಗಕ್ಕೆ ನುಗ್ಗುವುದು ಅಲ್ಲೇ. ಡಿಕ್ಕಿ ಆಗುವುದೂ ಜಾಸ್ತಿ ಅಲ್ಲೇ. ಅದನ್ನು ನೋಡಿ ನಿಮ್ಮ ಮನಸ್ಸು ಒಪ್ಪದಿದ್ದರೆ ಇಲ್ಲಿಗೇ ಬಿಡಿ. ಬೇಡ ಅಂದಿದ್ದಕ್ಕೆ ಇಲ್ಲಿನವರು ಮುನಿಸಿಕೊಳ್ಳುವುದಿಲ್ಲ. "ನನಗೆ ಇದು ಸರಿಹೋಗಲ್ಲ" ಅಂತ ನಗುತ್ತಾ ಹೇಳಿದರೆ ಸಾಕು, ಮಾರನೇ ದಿನವೂ ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ.

ಈಗ ದುಡ್ಡಿನ ವಿಷಯ. ಕುದುರೆಗೆ ಹೋಲಿಸಿದರೆ ಇದು ಅಗ್ಗ, ಅದಕ್ಕೇ ಫ್ಯಾಕ್ಟರಿ ಕೆಲಸದವರೂ ಶಾಲಾ ಮೇಷ್ಟ್ರುಗಳೂ ಸೇರಿ ನಾಯಿ ಇಟ್ಟುಕೊಳ್ಳುತ್ತಾರೆ. ಒಳ್ಳೆ ತಳಿಯ ಮರಿಗೆ ಕೆಲವು ಸಾವಿರ ಡಾಲರ್ ಆಗುತ್ತದೆ. ಐದಾರು ಜನ ಹಂಚಿಕೊಂಡರೆ ಭಾರ ಅನಿಸುವುದಿಲ್ಲ. ಭಾರ ಅನಿಸುವುದು ಆಮೇಲೆ. ಮರಿ ಸುಮಾರು ಒಂದು ವರ್ಷ ಫಾರ್ಮಿನಲ್ಲಿ ಬೆಳೆಯಬೇಕು, ಅದಕ್ಕೆ ಪ್ರತಿ ತಿಂಗಳೂ ಬಿಲ್. ನಂತರ ಬ್ರೇಕಿಂಗ್-ಇನ್, ಅಂದರೆ ಲೂರ್ (ನಾಯಿ ಅಟ್ಟಿಸಿಕೊಂಡು ಹೋಗಲೆಂದು ಮುಂದೆ ಓಡಿಸುವ ಗೊಂಬೆ) ಹಿಂದೆ ಓಡುವುದು, ಬಾಕ್ಸಿನೊಳಗೆ ಹೆದರದೆ ನಿಲ್ಲುವುದು ಎಲ್ಲ ಕಲಿಸುವ ಕೆಲವು ವಾರ. ಆಮೇಲೆ ಟ್ರಯಲ್‌ಗಳು, ಅಂದರೆ ಅಭ್ಯಾಸದ ಓಟಗಳು. 16 ತಿಂಗಳು ತುಂಬದೆ ರೇಸಿಗೆ ಬಿಡುವ ಹಾಗಿಲ್ಲ, ಎಷ್ಟೋ ನಾಯಿಗಳು ಅದಕ್ಕಿಂತ ತಡವಾಗಿಯೇ ಮೊದಲ ಮೇಡನ್ ರೇಸ್ (ಇನ್ನೂ ಗೆಲ್ಲದ ನಾಯಿಗಳ ರೇಸ್) ಓಡುತ್ತವೆ. ಅಲ್ಲಿಯವರೆಗೆ ಬರೀ ಖರ್ಚು. ಇಷ್ಟೆಲ್ಲ ಆದ ಮೇಲೂ ಕೆಲವಕ್ಕೆ ಲೂರ್ ಮೇಲೆ ಆಸಕ್ತಿಯೇ ಇರುವುದಿಲ್ಲ. ಕೆಲವಕ್ಕೆ ವೇಗ ಸಾಲುವುದಿಲ್ಲ.

ಅದಕ್ಕೆ ನಾನು ಹೊಸಬರಿಗೆ ಹೇಳುವುದು, ಮರಿ ಬೇಡ, ಆಗಲೇ ಓಡುತ್ತಿರುವ ನಾಯಿ ನೋಡಿ. ಅದರ ಹಿಂದಿನ ರೇಸ್‌ಗಳ ಟೈಮ್, ತೂಕ, ಗಾಯ ಎಲ್ಲ ದಾಖಲೆಯಲ್ಲಿರುತ್ತದೆ. ಕೊಳ್ಳುವ ಮುಂಚೆ ನೀವೇ ಒಬ್ಬ ವೆಟ್ (ಪಶುವೈದ್ಯ) ಹತ್ತಿರ ತೋರಿಸಿ. ಮಾರುವವರ ವೆಟ್ ಬೇಡ.

ಗೆದ್ದರೆ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ಬಹುತೇಕ ಸಣ್ಣ ಟ್ರೇನರ್‌ಗಳು ವಾರದ ಫೀಸಿನ ಬದಲು ಬಹುಮಾನದ ಹಣದಲ್ಲಿ ಅರ್ಧ ತೆಗೆದುಕೊಳ್ಳುತ್ತಾರೆ. ಆರು ಜನ ಇದ್ದರೆ ಉಳಿದ ಅರ್ಧದಲ್ಲಿ ನಿಮ್ಮದು ಆರನೇ ಒಂದು ಪಾಲು. ವೆಟ್ ಖರ್ಚು ಸಾಮಾನ್ಯವಾಗಿ ಮಾಲೀಕರದು. ಸಿಡ್ನಿಯ ವೆಂಟ್‌ವರ್ತ್ ಪಾರ್ಕಿನಲ್ಲಿ ಭಾರೀ ಬಹುಮಾನದ ಮಿಲಿಯನ್ ಡಾಲರ್ ಚೇಸ್ ಅನ್ನುವ ರೇಸ್ ಇದೆ, ನಿಜ. ಆದರೆ ನಿಮ್ಮ ನಾಯಿ ಓಡುವುದು ವಾರಗಲ್, ಸೇಲ್, ಶೆಪರ್ಟನ್‌ನಂಥ ಸಣ್ಣ ಊರುಗಳ ಟ್ರ್ಯಾಕಿನಲ್ಲಿ. ಊರಿಗೆ ಕಳಿಸುವ ದುಡ್ಡು, ಬಾಡಿಗೆ, ಕಾರಿನ ಕಂತು ಎಲ್ಲ ತೆಗೆದಿಟ್ಟ ಮೇಲೆ, ಪೂರ್ತಿ ಹೋದರೂ ನಿದ್ದೆ ಕೆಡದಷ್ಟು ಮಾತ್ರ ಹಾಕಿ. ಬೆಟ್ಟಿಂಗ್ ಅಂತೂ ಇದರ ಜೊತೆ ಸೇರಿಸಲೇಬೇಡಿ. ನಮ್ಮ ಸಿಂಡಿಕೇಟಿನಲ್ಲಿ, ಅಂದರೆ ಪಾಲುದಾರರ ಗುಂಪಿನಲ್ಲಿ, ಸ್ವಂತ ನಾಯಿಯ ಮೇಲೂ ಗುಂಪಿನ ಹಣ ಕಟ್ಟುವಂತಿಲ್ಲ ಅಂತ ಬರೆದುಕೊಂಡಿದ್ದೇವೆ. ಕೈ ತಡೆಯುತ್ತಿಲ್ಲ ಅನಿಸಿದರೆ ಬೆಟ್‌ಸ್ಟಾಪ್ ಅಂತ ಸರ್ಕಾರದ್ದೇ ವ್ಯವಸ್ಥೆ 2023ರಿಂದ ಇದೆ. ಅದರಲ್ಲಿ ಹೆಸರು ಹಾಕಿದರೆ ಪರವಾನಗಿ ಇರುವ ಆನ್‌ಲೈನ್ ಮತ್ತು ಫೋನ್ ಬೆಟ್ಟಿಂಗ್ ಕಂಪನಿಗಳು ನಿಮ್ಮಿಂದ ಬೆಟ್ ತೆಗೆದುಕೊಳ್ಳುವ ಹಾಗಿಲ್ಲ.

ಸಿಂಡಿಕೇಟನ್ನು ಗ್ರೇಹೌಂಡ್ ರೇಸಿಂಗ್ ವಿಕ್ಟೋರಿಯಾ ಅನ್ನುವ, ನಮ್ಮ ವಿಕ್ಟೋರಿಯಾ ರಾಜ್ಯದ ರೇಸ್ ನೋಡಿಕೊಳ್ಳುವ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಒಬ್ಬರು ಮ್ಯಾನೇಜರ್ ಆಗುತ್ತಾರೆ, ಪತ್ರ ವ್ಯವಹಾರ ಅವರದು. ನೋಂದಣಿ ಸುಲಭ. ಗೆಳೆಯರ ಮಧ್ಯೆ ಇರಬೇಕಾದ ಒಪ್ಪಂದವೇ ಕಷ್ಟ, ಯಾಕೆಂದರೆ ಎಲ್ಲರಿಗೂ ಸಂಕೋಚ. "ನಾವೆಲ್ಲ ಫ್ರೆಂಡ್ಸ್, ಬರೆಯೋದೇನು?" ಅನ್ನುತ್ತಾರೆ. ನೀವೇ ಮುಂದೆ ಬಂದು ಕೇಳಿ. ಒಬ್ಬ ಕೆಲಸ ಬಿಟ್ಟು ಪರ್ತ್‌ಗೆ ಹೋದರೆ ಅವನ ಪಾಲು ಯಾರಿಗೆ, ಯಾವ ಬೆಲೆಗೆ? ತಿಂಗಳ ಹಣ ಎರಡು ಸಲ ತಪ್ಪಿಸಿದರೆ? ನಾಯಿಗೆ ಮೂಳೆ ಮುರಿದರೆ ಆಪರೇಷನ್ನಿಗೆ ಎಷ್ಟರವರೆಗೆ ಖರ್ಚು ಮಾಡುತ್ತೇವೆ? ಮಾರಬೇಕೆಂದರೆ ಎಷ್ಟು ಜನ ಒಪ್ಪಬೇಕು? ಇವಕ್ಕೆಲ್ಲ ಎರಡು ಪುಟ ಸಾಕು. ಆಪರೇಷನ್ ಪ್ರಶ್ನೆಯನ್ನು ಮಾತ್ರ ಯಾರೂ ನಾಳೆಗೆ ದೂಡಲು ಬಿಡಬೇಡಿ. ಇಲ್ಲಿ ನಾಯಿಗಳು ಎಡಕ್ಕೆ ತಿರುಗುತ್ತಾ ಓಡುತ್ತವೆ. ಅದರಿಂದ ಬಲ ಹಿಂಗಾಲಿನ ಕೀಲಿನ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ಅಲ್ಲಿ ಮೂಳೆ ಮುರಿಯುವುದು ಅಪರೂಪವಲ್ಲ. ಎಷ್ಟೋ ಬಾರಿ ಚಿಕಿತ್ಸೆ ಮಾಡಬಹುದಾದದ್ದು, ಆದರೆ ದುಬಾರಿ. ರಾತ್ರಿ ಹತ್ತು ಗಂಟೆಗೆ ಟ್ರ್ಯಾಕಿನ ವೆಟ್ ಫೋನ್ ಮಾಡಿದಾಗ ಆರು ಜನ ಚರ್ಚೆ ಶುರು ಮಾಡಿದರೆ ನರಳುವುದು ನಾಯಿ.

ಟ್ರೇನರ್ ಆರಿಸುವಾಗ ಗೆಲುವಿನ ಲೆಕ್ಕ ಆಮೇಲೆ ನೋಡಿ. ಮೊದಲು ಅವರು ನಾಯಿಗಳನ್ನು ಇಟ್ಟಿರುವ ಜಾಗಕ್ಕೆ, ಅಂದರೆ ಕೆನಲ್‌ಗೆ ಹೋಗಿ. ಒಳಗೆ ಕರೆಯದೆ ಗೇಟಿನಲ್ಲೇ ಮಾತಾಡಿ ಕಳಿಸುವವರ ಹತ್ತಿರ ನಾಯಿ ಬಿಡಬೇಡಿ. ಟ್ರೇನರ್ ಬಂದಾಗ ನಾಯಿಗಳು ಬಾಲ ಅಲ್ಲಾಡಿಸುತ್ತವೋ, ಮೂಲೆಗೆ ಸರಿಯುತ್ತವೋ ನೋಡಿ. ಹಾಸಿಗೆ ಒಣಗಿದೆಯಾ, ನೀರು ಶುಚಿಯಾಗಿದೆಯಾ ನೋಡಿ. ರೇಸ್ ದಿನದ ತೂಕ ಹಿಂದಿನ ರೇಸಿಗಿಂತ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸವಾದರೆ ಓಡಲು ಬಿಡುವುದಿಲ್ಲ. ಹಾಗಾಗಿ ಒಳ್ಳೆಯ ಟ್ರೇನರ್ ಊಟ, ವ್ಯಾಯಾಮದಲ್ಲಿ ತುಂಬಾ ಶಿಸ್ತಿನವರಾಗಿರುತ್ತಾರೆ. ಕೇಳಿದರೆ ಖುಷಿಯಿಂದ ವಿವರಿಸುತ್ತಾರೆ.

ಈ ಆಟದ ಕಪ್ಪು ಭಾಗವನ್ನೂ ನೀವು ತಿಳಿದಿರಬೇಕು. 2015ರ ಫೆಬ್ರವರಿಯಲ್ಲಿ ಇಲ್ಲಿನ ಸಾರ್ವಜನಿಕ ವಾಹಿನಿ ಎಬಿಸಿ ಟಿವಿ, ಜೀವಂತ ಮೊಲ, ಹಂದಿಮರಿಗಳನ್ನು ಲೂರಿಗೆ ಕಟ್ಟಿ ನಾಯಿ ತಯಾರು ಮಾಡುವುದನ್ನು ಬಯಲು ಮಾಡಿತು. ಅದು ಅಪರಾಧ. ಮರು ವರ್ಷ ನ್ಯೂ ಸೌತ್ ವೇಲ್ಸ್ ಸರ್ಕಾರ ರೇಸನ್ನೇ ನಿಲ್ಲಿಸುತ್ತೇವೆ ಅಂತ ಹೇಳಿ, ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು. ಕ್ಯಾನ್‌ಬೆರಾದಲ್ಲಿ 2018ರಿಂದ ರೇಸ್ ಇಲ್ಲ. ನ್ಯೂಜಿಲೆಂಡ್ ಸರ್ಕಾರ 2024ರ ಡಿಸೆಂಬರಿನಲ್ಲಿ ನಿಲ್ಲಿಸುವ ನಿರ್ಧಾರ ಹೇಳಿತು, ಟ್ಯಾಸ್ಮೇನಿಯಾ ಸರ್ಕಾರ 2025ರಲ್ಲಿ ಹೇಳಿತು. ನಿಮ್ಮ ಕೆಲಸದ ಜಾಗದಲ್ಲೇ ಇದನ್ನು ಕಡುವಾಗಿ ವಿರೋಧಿಸುವವರು ಇರುತ್ತಾರೆ. ಅವರ ಮಾತನ್ನು ಗೌರವದಿಂದ ಕೇಳಿ. ಅವರು ಎತ್ತುವ ಮುಖ್ಯ ಪ್ರಶ್ನೆ, ಓಡಲಾರದ ನಾಯಿಗೆ ಏನಾಗುತ್ತದೆ ಅನ್ನುವುದು, ನ್ಯಾಯವಾದದ್ದು. ಅದಕ್ಕೆ ಪ್ರತಿ ಮಾಲೀಕನೂ ಉತ್ತರ ಇಟ್ಟುಕೊಂಡಿರಬೇಕು. ನಾನು ಇನ್ನೂ ಇದರಲ್ಲಿ ಇರುವುದು ಆ ಉತ್ತರ ನಮ್ಮ ಗುಂಪಿನ ಹತ್ತಿರ ಇರುವುದರಿಂದ.

ಲೆಕ್ಕ ಸರಳ. ಗ್ರೇಹೌಂಡ್ ನಾಲ್ಕೈದು ವರ್ಷದೊಳಗೆ ಓಟ ನಿಲ್ಲಿಸುತ್ತದೆ. ಬದುಕುವುದು ಹನ್ನೆರಡು ವರ್ಷ, ಕೆಲವು ಇನ್ನೂ ಜಾಸ್ತಿ. ಅಂದರೆ ಹೆಚ್ಚಿನ ಆಯುಷ್ಯ ಓಟದ ಆಚೆಗೇ ಇರುತ್ತದೆ. ವಿಕ್ಟೋರಿಯಾದಲ್ಲಿ ಗ್ಯಾಪ್ ಅನ್ನುವ ದತ್ತು ಕಾರ್ಯಕ್ರಮವಿದೆ. ಸ್ವಭಾವ ಪರೀಕ್ಷೆ ಮಾಡಿ ಹೊಸ ಮನೆ ಹುಡುಕಿಕೊಡುತ್ತಾರೆ. ಆದರೆ ಎಲ್ಲ ನಾಯಿಯೂ ಅದರಲ್ಲಿ ಪಾಸಾಗುವುದಿಲ್ಲ, ಜಾಗ ಸಿಗಲು ಕಾಯಬೇಕಾಗಬಹುದು. ಕಾಯುವಷ್ಟು ದಿನದ ಕೆನಲ್ ಖರ್ಚನ್ನು ಮೊದಲೇ ತೆಗೆದಿಡಿ. ಅದಕ್ಕಿಂತ ಒಳ್ಳೆಯದು, ಗುಂಪಿನಲ್ಲಿ ಒಬ್ಬರು "ನಾನು ಕರೆದುಕೊಂಡು ಹೋಗುತ್ತೇನೆ" ಅಂತ ಇವತ್ತೇ ಸಹಿ ಹಾಕುವುದು.

ಅದು ನೀವೇ ಆಗಬಹುದು. ಬಾಡಿಗೆ ಮನೆ ಅನ್ನುವ ಚಿಂತೆ ಬೇಡ. 2020ರ ಮಾರ್ಚ್‌ನಿಂದ ವಿಕ್ಟೋರಿಯಾದಲ್ಲಿ ಮನೆ ಮಾಲೀಕರ ಒಪ್ಪಿಗೆ ಕೇಳಬೇಕು, ಆದರೆ ಅವರು ಸುಮ್ನೆ ಬೇಡ ಅನ್ನುವ ಹಾಗಿಲ್ಲ. 2019ರಿಂದ ಸಾಕಿದ ಗ್ರೇಹೌಂಡ್‌ಗೆ ಹೊರಗೆ ಬಾಯಿಕುಕ್ಕೆ ಕಡ್ಡಾಯವಲ್ಲ, ಹಗ್ಗ ಮಾತ್ರ ಬೇಕೇ ಬೇಕು. ನಮ್ಮ ಮನೆಯಲ್ಲಿರುವುದು ದಿನದ ಹೆಚ್ಚು ಹೊತ್ತು ಸೋಫಾ ಮೇಲೆ ಮಲಗಿರುತ್ತದೆ. ಚಳಿ ತಡೆಯುವುದಿಲ್ಲ, ಜೂನ್ ಜುಲೈನಲ್ಲಿ ಕೋಟು ಹಾಕಬೇಕು. ಬೆಕ್ಕು, ಮೊಲ ಇರುವ ಮನೆಗೆ ಪರೀಕ್ಷೆ ಮಾಡದೆ ತರಬಾರದು. ಊರಿನಲ್ಲಿ ಅಪ್ಪನಿಗೆ ಫೋನಿನಲ್ಲಿ "ನಮ್ಮ ಮುಧೋಳ ನಾಯಿ ತರಹ, ಸಪೂರ ಸೊಂಟ, ಉದ್ದ ಮೂತಿ" ಅಂದೆ, ತಕ್ಷಣ ಅರ್ಥವಾಯಿತು. ಅಮ್ಮ ಇಲ್ಲಿಗೆ ಬಂದಾಗ ಅಡುಗೆಮನೆಯ ಹೊಸಿಲು ದಾಟಿಸುವುದಿಲ್ಲ ಅಂದರು. ನಾಯಿ ಎರಡೇ ದಿನದಲ್ಲಿ ಅದನ್ನು ಕಲಿತು, ಹೊಸಿಲಾಚೆ ಮಲಗಿ ಅವರನ್ನೇ ನೋಡುತ್ತಿತ್ತು.

ನಿಮ್ಮ ಗೆಳೆಯರ ಹತ್ತಿರ ಮೊದಲು ಈ ದತ್ತು ವಿಷಯ ಎತ್ತಿ, ದುಡ್ಡಿನ ಮಾತು ಆಮೇಲೆ. ಒಪ್ಪಂದದ ಕರಡು ತಯಾರಾದರೆ ನನಗೆ ಕಳಿಸಿ, ಓದಿ ಎಲ್ಲೆಲ್ಲಿ ಬಿಟ್ಟಿದೆ ಅಂತ ಗುರುತು ಹಾಕಿ ಕೊಡುತ್ತೇನೆ. ಟ್ರೇನರ್ ನೋಡಲು ಹೋಗುವ ದಿನ ಶನಿವಾರವಾದರೆ ನಾನೂ ಜೊತೆಗೆ ಬರುತ್ತೇನೆ.