ಅಮೆರಿಕದಲ್ಲಿ ವಲಸಿಗರಿಗೆ ನೆರವಾಗುವ ಸೇವಾಸಂಸ್ಥೆಯ ಕಾರ್ಯಕ್ರಮ ಮುಖ್ಯಸ್ಥರು ಮಾಡುವ ಕೆಲಸವೇನು?

ನೆರವು ಕೇಳಿ ಬಂದವರಲ್ಲಿ ಯಾರ ಕೆಲಸ ಮೊದಲು ಆಗಬೇಕು, ಅದನ್ನು ಯಾರು ಮಾಡಬೇಕು ಎಂದು ತೀರ್ಮಾನಿಸುವುದೇ ಅವರ ಮುಖ್ಯ ಕೆಲಸ. ಇಂಗ್ಲಿಷ್ ತರಗತಿ, ಪೌರತ್ವ ಪರೀಕ್ಷೆಯ ತಯಾರಿ, ಕಾನೂನು ನೆರವು ಎಲ್ಲದರ ಉಸ್ತುವಾರಿಯೂ ಅವರದೇ. ಆದರೆ ನಿಜವಾದ ಕಷ್ಟ ಇರುವುದು ಈ ಸರದಿಯಲ್ಲಿ.

ಅಲ್ಲಿನ ವಲಸೆ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ. ಹಾಗಾಗಿ ಕೈಯಲ್ಲಿ ಹಣವಿಲ್ಲದವರು ಇಂಥ ಸಂಸ್ಥೆಗಳ ಬಾಗಿಲಿಗೇ ಬರುತ್ತಾರೆ. ಅಲ್ಲಿ ವಕೀಲರೋ ಬೆರಳೆಣಿಕೆಯಷ್ಟು. ಗಡುವು ಮಾತ್ರ ಯಾರಿಗೂ ಕಾಯುವುದಿಲ್ಲ. ತಾಯ್ನಾಡಿಗೆ ಮರಳಿದರೆ ಹಿಂಸೆಯ ಭಯವಿದೆ ಎಂದು ಆಶ್ರಯ ಕೋರುವವರು, ಕೆಲವು ವಿನಾಯಿತಿ ಬಿಟ್ಟರೆ, ದೇಶಕ್ಕೆ ಬಂದ 1 ವರ್ಷದೊಳಗೆ ಅರ್ಜಿ ಹಾಕಬೇಕು. ಅದಕ್ಕೇ ಒಳ್ಳೆಯ ಮುಖ್ಯಸ್ಥರು ಮೊದಲ ಫೋನ್ ಕರೆಯಲ್ಲೇ ಎರಡು ಪ್ರಶ್ನೆ ಕೇಳಿಸುತ್ತಾರೆ: ಯಾವಾಗ ಬಂದಿರಿ? ಕೋರ್ಟಿನ ವಿಚಾರಣೆ ಯಾವ ದಿನ ಇದೆ? ಬಂದು ಹನ್ನೊಂದು ತಿಂಗಳಾದವರ ಕಡತ ಅಂದೇ ವಕೀಲರ ಮೇಜಿಗೆ ಹೋಗಬೇಕು. ಪೌರತ್ವದ ಅರ್ಜಿ ಸಾಮಾನ್ಯವಾಗಿ ಕೆಲವು ವಾರ ಕಾಯಬಲ್ಲದು.

ಇನ್ನೊಂದು ಎಚ್ಚರವೂ ಬೇಕು. ನೆರವು ಕೇಳಿ ಬಂದವರು ಹೇಳಿದ್ದನ್ನು ಅರ್ಜಿಯಲ್ಲಿ ಬರೆದುಕೊಡುವುದು ಬೇರೆ, ಯಾವ ಅರ್ಜಿ ಹಾಕಬೇಕೆಂದು ಹೇಳುವುದು ಬೇರೆ. ಎರಡನೆಯದು ಕಾನೂನು ಸಲಹೆ. ಅದು ವಕೀಲರ ಅಥವಾ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳ ಕೆಲಸ. ಸ್ವಯಂಸೇವಕರು ಕನಿಕರದಿಂದ ಕೊಟ್ಟ ಒಂದು ತಪ್ಪು ಸಲಹೆಯಿಂದ ಇಡೀ ಕುಟುಂಬ ಗಡೀಪಾರಿನ ಪ್ರಕರಣಕ್ಕೆ ಸಿಕ್ಕಿಕೊಳ್ಳಬಹುದು. ನನ್ನ ಪ್ರಕಾರ, ಹೊಸ ತರಗತಿ ತೆರೆಯುವ ಮೊದಲು ಆ ಸ್ವಯಂಸೇವಕರಿಗೆ ತರಬೇತಿ ಕೊಡಬೇಕು.